ಕಿಟಕಿಯಕ್ಕನ ಮೂರನೆಯ ಮಾತು

ಬೆಳಿಗ್ಗೆ ಕೋಣೆಯ ಬೀಗ ತೆಗೆದ ಮೇಲೆ, ಕಿಟಕಿ ತೆರೆದು ಜನರಿಗೆ ಮುಖ ತೋರಿಸುವುದಕ್ಕೆ ಮೊದಲು, ಅವಳು ಕಪಾಟಿನಿಂದ ಕೈಗೆ ಸಿಕ್ಕಿದ ಒಂದು ವಸ್ತುವನ್ನು ತೆಗೆದು ಮೇಜಿನ ಮೇಲಿಡುತ್ತಾಳೆ. ಅದು ಕೊಡೆಯಾಗಿರಬಹುದು, ಊಟದ ಡಬ್ಬಿಯಾಗಿರಬಹುದು, ಮಗುವಿನ ಒಂದೇ ಒಂದು ಕಾಲುಚೀಲವಾಗಿರಬಹುದು. ಅದನ್ನು ನೋಡುತ್ತ ಮೂರು ಮಾತು ಹೇಳುತ್ತಾಳೆ, ಗಟ್ಟಿಯಾಗಿಯೇ. "ಕಂಡದ್ದು: ಕೊಡೆಯ ಹಿಡಿ ಒಂದೇ ಕಡೆ ಸವೆದಿದೆ. ಊಹೆ: ಎಡಗೈಯವರದ್ದು. ಗೊತ್ತಿಲ್ಲದ್ದು: ಇಷ್ಟು ವರ್ಷ ಜೊತೆಗಿಟ್ಟುಕೊಂಡದ್ದನ್ನ ಹುಡುಕಿಕೊಂಡು ಯಾಕೆ ಬರಲಿಲ್ಲ." ಆಮೇಲೆ ಅದನ್ನು ಇದ್ದಲ್ಲೇ ಇಟ್ಟು ಕಿಟಕಿ ತೆರೆಯುತ್ತಾಳೆ. ಜ್ವರ ಬಂದ ದಿನವೂ ಇದು ತಪ್ಪಿಲ್ಲ. ಮೇಲಧಿಕಾರಿ ತಪಾಸಣೆಗೆಂದು ಬಂದು ಪಕ್ಕದಲ್ಲೇ ನಿಂತ ದಿನವೂ ತಪ್ಪಿಲ್ಲ. ಅವತ್ತು ಅವರು ಯಾರ ಹತ್ತಿರ ಮಾತಾಡುತ್ತಿದ್ದೀರಿ ಎಂದು ಕೇಳಿದರಂತೆ. ಫ್ಲಾಸ್ಕಿನ ಹತ್ತಿರ ಸಾರ್, ಎಂದಳಂತೆ.

ಅವಳು ಬಸ್ ನಿಲ್ದಾಣದ 'ಕಳೆದುಹೋದ ವಸ್ತುಗಳು' ಕೋಣೆಯನ್ನು ನೋಡಿಕೊಳ್ಳುವವಳು. ಜನ ಅವಳನ್ನು ಕಾಣುವುದು ಸದಾ ಆ ಸಣ್ಣ ಕಿಟಕಿಯ ಚೌಕಟ್ಟಿನಲ್ಲಿ ಭುಜದಿಂದ ಮೇಲಕ್ಕೆ ಮಾತ್ರ. ಆದ್ದರಿಂದ ಎಲ್ಲರಿಗೂ ಅವಳು ಕಿಟಕಿಯಕ್ಕ. ಒಮ್ಮೆ ಅವಳನ್ನು ಪೇಟೆಯಲ್ಲಿ ಕಂಡ ಮುದುಕರೊಬ್ಬರು, ನಿನಗೆ ಕಾಲೂ ಇದೆಯೇನಮ್ಮಾ ಎಂದು ಕೇಳಿದ್ದನ್ನು ಅವಳೇ ಹೇಳಿಕೊಂಡು ನಗುತ್ತಾಳೆ.

ನಾನು ಬೆಳಗಿನ ಪ್ರಾರ್ಥನೆ ಮುಗಿಸಿ ಮೊದಲ ಬಸ್ಸಿಗೆ ಕಾಯುವ ಬೆಂಚು ಆ ಕಿಟಕಿಯ ಎದುರಿಗೇ ಇದೆ. ಮುಚ್ಚಿದ ಕಿಟಕಿಯ ಹಿಂದಿನಿಂದ ಬರುವ ಆ ದನಿಯನ್ನು ಕೇಳಿ, ನನ್ನ ಹಾಗೆಯೇ ಇನ್ನೊಂದು ಜೀವ ದೇವರನ್ನು ನೆನೆದು ದಿನ ಶುರುಮಾಡುತ್ತಿದೆ ಎಂದು ಬಹಳ ಕಾಲ ಸಂತೋಷಪಟ್ಟಿದ್ದೆ. ಕೊನೆಗೊಮ್ಮೆ ಕೇಳಿದಾಗ ಅವಳು, ಅಯ್ಯೋ ಅದು ಇತಿಹಾಸದ ಪಾಠ, ಎಂದಳು. ಬಸ್ಸು ತಡವಾದ ಬೆಳಗುಗಳಲ್ಲಿ ಅವಳು ಹೇಳಿದ್ದು, ನಾನು ಕಂಡದ್ದು ಎರಡನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ.

ಅವಳು ಪ್ರೌಢಶಾಲೆಯಲ್ಲಿ ಓದುವಾಗ ಇತಿಹಾಸಕ್ಕೆ ಒಬ್ಬ ಮೇಡಂ ಬಂದರು. ಗಿಡ್ಡ ಆಳು, ದೊಡ್ಡ ಗಂಟಲು. ಮೊದಲ ದಿನ ಅವರು ಪುಸ್ತಕ ತೆರೆಯಲಿಲ್ಲ. ತಮ್ಮ ಕೈಚೀಲವನ್ನು ಮೇಜಿನ ಮೇಲೆ ತಲೆಕೆಳಗು ಸುರಿದು, "ಈ ಚೀಲದವಳು ಸತ್ತು ಸಾವಿರ ವರ್ಷ ಆಯ್ತು ಅಂದ್ಕೊಳ್ಳಿ. ಯಾರವಳು, ಹೇಳಿ" ಎಂದರು. ಬಾಚಣಿಗೆ, ನೆಗಡಿ ಮಾತ್ರೆ, ಎರಡು ಬೀಗದ ಕೈ, ಅರ್ಧ ತಿಂದ ಬಿಸ್ಕತ್ತಿನ ಪೊಟ್ಟಣ, ಒಂದು ಕಿವಿಯ ಓಲೆ. ಮಕ್ಕಳಿಗೆ ಇಂಥ ಅವಕಾಶ ಸಿಕ್ಕರೆ ಬಿಡುತ್ತವೆಯೇ? ಒಬ್ಬ ಇವಳಿಗೆ ಎರಡು ಮನೆ ಎಂದ. ಇನ್ನೊಬ್ಬ ಇವಳು ಒಂದೇ ಕಿವಿಯವಳು ಎಂದ. ಹಿಂದಿನ ಬೆಂಚಿನಿಂದ ಇವಳು ಹೊಟ್ಟೆಬಾಕಿ ಎಂಬ ದನಿ ಬಂತು. ಮೇಡಂ ಎಲ್ಲವನ್ನೂ ಹಲಗೆಯ ಮೇಲೆ ಮೂರು ಸಾಲಿನಲ್ಲಿ ಬರೆದರು. ಕಂಡದ್ದು ಒಂದು ಕಡೆ, ಊಹಿಸಿದ್ದು ಒಂದು ಕಡೆ, ಗೊತ್ತಿಲ್ಲದ್ದು ಒಂದು ಕಡೆ. ಎರಡನೆಯ ಸಾಲು ಹಲಗೆ ತುಂಬಿ ಕೆಳಗಿಳಿಯಿತು. ಮೂರನೆಯದು ಖಾಲಿ. ಆಗ ಮೇಡಂ ಹೇಳಿದ್ದು ಅವಳ ತಲೆಯಲ್ಲಿ ಕಲ್ಲಿನಲ್ಲಿ ಕೆತ್ತಿದ ಹಾಗೆ ಉಳಿದುಬಿಟ್ಟಿದೆ. ನನ್ನ ಪರೀಕ್ಷೆಯಲ್ಲಿ ಮೂರನೆಯ ಸಾಲಿಗೂ ಅಂಕ ಉಂಟು, ಅದನ್ನು ಖಾಲಿ ಬಿಟ್ಟವರಿಗೆ ಸೊನ್ನೆ.

ಗೊತ್ತಿಲ್ಲ ಎಂದದ್ದಕ್ಕೆ ಬೈಗುಳ ತಿಂದೇ ಬೆಳೆದ ಹುಡುಗಿಗೆ, ಗೊತ್ತಿಲ್ಲ ಎಂದದ್ದಕ್ಕೆ ಅಂಕ ಸಿಗುವ ವಿಷಯ ಒಂದಿದೆ ಎಂದು ತಿಳಿದದ್ದೇ ಒಂದು ಹಬ್ಬ. ಅವಳು ಇತಿಹಾಸದಲ್ಲಿ ತರಗತಿಗೇ ಮೊದಲಿಗಳಾದಳು. ಗಣಿತದಲ್ಲಿ ಮಾತ್ರ ಮೇಷ್ಟ್ರು ತಲೆ ಚಚ್ಚಿಕೊಂಡರು. ಕಾಲೇಜಿನ ಮಾತು ಮನೆಯಲ್ಲಿ ಯಾರೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಬಸ್ ನಿಲ್ದಾಣದಲ್ಲಿ ಕೆಲಸ ಸಿಕ್ಕಿತು. ಟಿಕೆಟ್ ಕೊಡುವ ಕಡೆ ಕೂರಿಸಿದರು. ಚಿಲ್ಲರೆ ಎಣಿಸುವುದರಲ್ಲಿ ಸಾಲು ಬೀದಿಯವರೆಗೆ ಬೆಳೆಯಿತು. ಹಾಗಾಗಿ ಯಾರಿಗೂ ಬೇಡವಾದ ಮೂಲೆಯ ಕೋಣೆಗೆ ಕಳಿಸಿದರು. ಶಿಕ್ಷೆಯೆಂದು ಕಳಿಸಿದ್ದು ಅವಳಿಗೆ ವರವಾಯಿತು.

ಅವಳಿಗಿಂತ ಮೊದಲು ಅಲ್ಲಿದ್ದವರು ಒಳ್ಳೆಯ ಮನುಷ್ಯ, ಆದರೆ ಯಾರಾದರೂ ಕರಿ ಕೊಡೆ ಎಂದರೆ ರಾಶಿಯ ಮೇಲಿದ್ದ ಕರಿ ಕೊಡೆಯನ್ನು ಕೊಟ್ಟು ಕೈತೊಳೆದುಕೊಳ್ಳುತ್ತಿದ್ದರು. ಊರಿನ ಅರ್ಧ ಜನ ಇನ್ನರ್ಧ ಜನರ ಕೊಡೆ ಹಿಡಿದು ಓಡಾಡುತ್ತಿದ್ದರೆನ್ನಬೇಕು. ಕಿಟಕಿಯಕ್ಕ ಬಂದ ಮೇಲೆ ಕ್ರಮ ಬದಲಾಯಿತು. ಅವಳು ಕೊಡೆಯ ಬಗ್ಗೆ ಕೇಳುವುದೇ ಇಲ್ಲ. ಕೊನೆಯ ಸಲ ಅದನ್ನು ಬಿಡಿಸಿದ ದಿನ ಏನಾಯಿತು ಹೇಳಿ, ಎನ್ನುತ್ತಾಳೆ. ನಿಜವಾದ ಒಡೆಯರು ಮೊದಲು ತಬ್ಬಿಬ್ಬಾಗುತ್ತಾರೆ, ಆಮೇಲೆ ಶುರುವಾದರೆ ನಿಲ್ಲುವುದಿಲ್ಲ. ಒಂದು ಕಡ್ಡಿ ಬಾಗಿದ್ದು ಹೇಗೆ, ಬಾಗಿಸಿದ ಮೊಮ್ಮಗನಿಗೆ ಬಿದ್ದದ್ದೆಷ್ಟು, ಎಲ್ಲ ಹೊರಬರುತ್ತದೆ. ಸುಳ್ಳು ಹೇಳುವವರು ಕೊಡೆ ಕರಿ ಬಣ್ಣದ್ದು ಎಂಬಲ್ಲಿಂದ ಮುಂದೆ ಹೋಗುವುದೇ ಇಲ್ಲ. ಒಮ್ಮೆ ಯಾರದೋ ಹಲ್ಲಿನ ಸೆಟ್ಟು ಬಂದಿತ್ತು. ಒಬ್ಬ ತಾತ ಬಂದು ನನ್ನದೇ, ಬೇಕಾದರೆ ಹಾಕಿ ತೋರಿಸುತ್ತೇನೆ ಎಂದರು. ಅದಕ್ಕೆ ಮೊದಲು ಇನ್ನೊಬ್ಬ ತಾತನೂ ಅದೇ ಮಾತು ಹೇಳಿ ಹಾಕಿಕೊಂಡೂ ನೋಡಿದ್ದರಿಂದ ಅವಳು ಕೈಮುಗಿದು, ಮೊದಲು ತೊಳೆಯೋಣ ತಾತಾ, ಎಂದಳಂತೆ.

ಇಷ್ಟು ಅವಳ ಕೆಲಸ. ಇನ್ನು ಅವಳ ಮನೆ. ತಮ್ಮ ದರ್ಜಿ. ಕೆಳಗೆ ಅವನ ಅಂಗಡಿ, ಮೇಲೆ ಎರಡು ಕೋಣೆಯಲ್ಲಿ ಅವನು, ಅವನ ಹೆಂಡತಿ, ಮಗಳು ಮತ್ತು ಇವಳು. ಮಗಳನ್ನು ಮನೆಯಲ್ಲಿ ಚುಕ್ಕಿ ಎನ್ನುತ್ತಾರೆ. ಚುಕ್ಕಿ ಶಾಲೆಯಿಂದ ಬಂದವಳೇ ನಿಲ್ದಾಣದಲ್ಲಿನ ಅತ್ತೆಯ ಕೋಣೆಗೆ ಓಡಿ, ಅತ್ತೇ ಇವತ್ತು ಏನು ಬಂತು, ಎಂದು ಕೇಳುತ್ತ ಬೆಳೆದವಳು. ಅವಳ ಶಾಲೆಯಲ್ಲಿ ಆ ವರ್ಷ ಮುಂದಿನ ತರಗತಿಗೆ ಒಂದೋ ಇತಿಹಾಸ, ಇಲ್ಲವೇ ಲೆಕ್ಕಪತ್ರ, ಎರಡರಲ್ಲಿ ಒಂದನ್ನು ಆರಿಸಬೇಕಿತ್ತು. ಅರ್ಜಿಗೆ ತಂದೆಯ ಸಹಿ ಬೇಕು. ಸೋಮವಾರ ಕೊಡಬೇಕು.

ದರ್ಜಿ ಕೆಟ್ಟವನಲ್ಲ. ಮಗಳು ಅಂಗಡಿಯ ಲೆಕ್ಕ ನೋಡಿಕೊಂಡು ಕಣ್ಣೆದುರಿಗೇ ಇರಲಿ ಎಂಬುದು ಅವನ ಆಸೆ. ಅದನ್ನು ನೇರವಾಗಿ ಹೇಳಲು ನಾಚಿಕೆಯಾಗಿ ಇತಿಹಾಸದ ಮೇಲೆ ಹರಿಹಾಯ್ದ.

"ಬಸ್ಸಿಗಾದ್ರೆ ಎಲ್ಲಿಗೆ ಹೋಗುತ್ತೆ ಅಂತ ಬೋರ್ಡ್ ಇರುತ್ತೆ. ಈ ಇತಿಹಾಸಕ್ಕೆ ಬೋರ್ಡೇ ಇಲ್ಲವಲ್ಲಕ್ಕ. ಎಲ್ಲಿಗೆ ಅಂತ ಹತ್ತಿಸಲಿ ಮಗೂನ?"

ಅಕ್ಕ ತನ್ನ ಜೊತೆ ಓದಿದವರನ್ನು ಒಬ್ಬೊಬ್ಬರಾಗಿ ಹೇಳಿದಳು. ಒಬ್ಬಳು ವಿಮೆ ಕಚೇರಿಯಲ್ಲಿ ಬೆಂಕಿ ಬಿದ್ದ ಅಂಗಡಿಗಳಿಗೆ ಹೋಗಿ ಯಾರು ನಿಜ ಹೇಳುತ್ತಾರೆ ಎಂದು ನೋಡುತ್ತಾಳೆ. ಒಬ್ಬ ಪತ್ರಿಕೆಯಲ್ಲಿದ್ದಾನೆ. ಹಿಂದಿನ ಬೆಂಚಿನಿಂದ ಹೊಟ್ಟೆಬಾಕಿ ಎಂದವನು ಪೊಲೀಸ್ ಠಾಣೆಯಲ್ಲಿ ಸಾಕ್ಷಿಗಳ ಹೇಳಿಕೆ ಬರೆದುಕೊಳ್ಳುತ್ತಾನೆ.

"ನೀನು?" ಎಂದ ತಮ್ಮ. "ನೀನು ಎಲ್ಲಿಗೆ ಹೋದೆ?"

"ನಂಗೆ ಮೊದಲನೇ ಸ್ಟಾಪೇ ಹಿಡಿಸ್ತು, ಇಳಿದುಬಿಟ್ಟೆ."

ದರ್ಜಿಯ ಹೆಂಡತಿ ಒಳಗೆ ನಕ್ಕಳು. ಅದೇ ಅವನಿಗೆ ಚುಚ್ಚಿತು. ಕಂಡವರ ಕೊಡೆ ಕಾಯುವುದಕ್ಕೆ ಅಷ್ಟು ಓದಬೇಕೇ, ನಿನ್ನ ಕಪಾಟಿನಲ್ಲಿ ಕೊಳೆಯುತ್ತಿರುವ ಒಂದು ವಸ್ತುವಿಗಾದರೂ ಆ ಓದು ಒಡೆಯರನ್ನು ಹುಡುಕಿಕೊಟ್ಟಿದೆಯೇ, ತಾವಾಗಿ ಬಂದವರಿಗೆ ಕೊಡುತ್ತೀಯ ಅಷ್ಟೆ, ಎಂದ. ಚುಕ್ಕಿ ಅಲ್ಲೇ ಇದ್ದಳು. ಅವಳು ಅಪ್ಪನ ಮಗಳೇ.

"ಹುಡುಕಿಕೊಟ್ರೆ ಸಹಿ ಹಾಕ್ತೀಯಾಪ್ಪ?"

"ಹಾಕ್ತೀನಿ. ನಾನು ಹೇಳಿದ ಚೀಲ, ಅದರಲ್ಲಿರೋ ಎಲ್ಲದಕ್ಕೂ ಒಡೆಯರು ಸಿಗಬೇಕು. ಸೋಮವಾರದೊಳಗೆ. ಇಲ್ಲದಿದ್ರೆ ಲೆಕ್ಕಪತ್ರ, ಮತ್ತೆ ಕಣ್ಣೀರು ಗಿಣ್ಣೀರು ನಡೆಯಲ್ಲ."

ಮರುದಿನ ಅವನೇ ಕೋಣೆಗೆ ಬಂದು ಕಪಾಟನ್ನೆಲ್ಲ ತಡಕಾಡಿ ಒಂದು ಹಸಿರು ಬಟ್ಟೆಯ ಚೀಲವನ್ನು ಎಳೆದು ಹಾಕಿದ. ಅದು ಬಂದು ವಾರವಾಗಿತ್ತು, ಯಾರೂ ಕೇಳಿರಲಿಲ್ಲ. ಒಳಗಿದ್ದದ್ದು ಹೀಗೆ: ಗಂಡಸರ ಕಂದು ಬಣ್ಣದ ಒಂದು ಬೂಟು, ಎಡಗಾಲಿನದು ಮಾತ್ರ. ಲೇಸು ಕಟ್ಟಿದ ಲೋಹದ ಶಿಳ್ಳೆ. ಕಡ್ಡಿಗಳ ಸಮೇತ ಅರ್ಧ ಹೆಣೆದ ಪುಟ್ಟ ಸ್ವೆಟರ್, ಕೂಸಿನ ಅಳತೆ, ಒಂದೇ ತೋಳು.

ಚುಕ್ಕಿ ಮೂರು ಸಾಲು ಬರೆಯುತ್ತ ಕುಳಿತಳು. ಸಂಜೆಯ ಹೊತ್ತಿಗೆ ಅವಳ ಕಣ್ಣು ಹೊಳೆಯುತ್ತಿತ್ತು. ಎಡಗಾಲಿನ ಬೂಟು ಮಾತ್ರ ಇದೆಯೆಂದರೆ ಅವರಿಗೆ ಬಲಗಾಲಿಲ್ಲ. ಶಿಳ್ಳೆ ಇದೆಯೆಂದರೆ ಹಿಂದೆ ಆಟದ ಮೇಷ್ಟ್ರಾಗಿದ್ದವರು. ಅಪಘಾತದಲ್ಲಿ ಕಾಲು ಹೋಗಿ ತಿಂಗಳುಗಟ್ಟಲೆ ಹಾಸಿಗೆಯಲ್ಲಿದ್ದಾಗ ಹೊತ್ತು ಹೋಗದೆ ಹೆಣಿಗೆ ಕಲಿತಿದ್ದಾರೆ. ಈಗ ಹುಟ್ಟಲಿರುವ ಮೊಮ್ಮಗುವಿಗೆ ಸ್ವೆಟರ್ ಹೆಣೆಯುತ್ತಿದ್ದಾರೆ. ಶಿಳ್ಳೆಯನ್ನು ಇನ್ನೂ ಬಿಟ್ಟಿಲ್ಲ, ಯಾಕೆಂದರೆ ಮೈದಾನವನ್ನು ಮನಸ್ಸಿನಿಂದ ಬಿಡಲಾಗಿಲ್ಲ.

ನಾನೂ ಅಂದು ಸಂಜೆಯ ಬಸ್ಸಿಳಿದು ಬೆಂಚಿನ ಮೇಲಿದ್ದೆ. ಸುಳ್ಳು ಯಾಕೆ ಹೇಳಲಿ, ಆ ಮೇಷ್ಟ್ರಿಗಾಗಿ ಮನಸ್ಸಿನಲ್ಲೇ ಬೇಡಿಕೊಂಡೆ. ಕಿಟಕಿಯಕ್ಕನೂ ಸೆರಗಿನಿಂದ ಮೂಗು ಒರೆಸಿಕೊಂಡಳು. ಮೂರನೆಯ ಸಾಲಿನಲ್ಲಿ ಚುಕ್ಕಿ ಬರೆದದ್ದು ಒಂದೇ: ಮನೆ ಎಲ್ಲಿ ಎಂದು ಗೊತ್ತಿಲ್ಲ.

ಅದನ್ನು ತಿಳಿಯಲು ಅವಳು ನಿಲ್ದಾಣದಲ್ಲಿ ಕೇಳತೊಡಗಿದಳು. ಇಲ್ಲಿಂದ ಮುಂದೆ ನಡೆದದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ. ಮೊದಲ ದಿನ ಯಾರಿಗೂ ಆ ಮೇಷ್ಟ್ರು ಗೊತ್ತಿರಲಿಲ್ಲ. ಎರಡನೆಯ ದಿನ ಪತ್ರಿಕೆ ಮಾರುವವನು, ಊರುಗೋಲು ಹಿಡಿದವರು ತಾನೆ, ನೋಡಿದ ಹಾಗಿದೆ, ಎಂದ. ಚಹಾದವನು ಅವರಿಗೆ ಸಕ್ಕರೆ ಹಾಕಬಾರದು ಎಂದ. ಸಾಮಾನು ಹೊರುವವನ ಪ್ರಕಾರ ಅವರಿಗೆ ದೊಡ್ಡ ಬಿಳಿ ಮೀಸೆಯಿತ್ತು. ಗುರುವಾರದ ಹೊತ್ತಿಗೆ ನಿಲ್ದಾಣದಲ್ಲಿ ಆ ಮೇಷ್ಟ್ರನ್ನು ಕಾಣದವರೇ ಇರಲಿಲ್ಲ. ಸ್ವತಃ ಅವರಿಂದ ಶಾಲೆಯಲ್ಲಿ ಏಟು ತಿಂದವರೂ ಇಬ್ಬರು ಸಿಕ್ಕರು. ಚುಕ್ಕಿಯ ಎರಡನೆಯ ಸಾಲು ಕರಗಿ ಮೊದಲನೆಯ ಸಾಲಿಗೆ ಸೇರುತ್ತ ಹೋಯಿತು. ಮನೆ ಮಾತ್ರ ಸಿಗಲಿಲ್ಲ.

ಶುಕ್ರವಾರ ರೈಟಣ್ಣ ರಜೆ ಮುಗಿಸಿ ಬಂದ. ಅವನು ಹಳೆಯ ಕಂಡಕ್ಟರ್. ಬಸ್ಸಿಗೆ ಹೇಳಿ ಹೇಳಿ ಅಭ್ಯಾಸವಾಗಿ, ಮನುಷ್ಯರ ಯಾವ ಮಾತಿಗೂ ರೈಟ್ ಎಂದೇ ಉತ್ತರ ಕೊಡುತ್ತಾನೆ. ಮಂಡಿ ನೋವಿಗೆ ಚಿಕಿತ್ಸೆಯೆಂದು ಊರಲ್ಲಿರಲಿಲ್ಲ. ಚಹಾದವನ ಬಾಯಲ್ಲಿ ಒಂಟಿ ಕಾಲಿನ ಮೇಷ್ಟ್ರ ಕಥೆ ಕೇಳಿ, ತನ್ನ ಮಂಡಿಯನ್ನು ಮುಟ್ಟಿಕೊಂಡು, ಪಾಪ ಎನ್ನುತ್ತ ಕಿಟಕಿಯ ಹತ್ತಿರ ಬಂದ. ಮೇಜಿನ ಮೇಲಿದ್ದ ಚೀಲವನ್ನು ಕಂಡ.

"ಇದಾ? ಇದು ನಾನೇ ತಂದಿಟ್ಟಿದ್ದಲ್ಲಕ್ಕ."

"ಗೊತ್ತು. ಅದರ ಒಡೆಯರನ್ನೇ ಹುಡುಕ್ತಿರೋದು."

"ರೈಟ್. ಆದ್ರೆ ಯಾವುದರ ಒಡೆಯರು? ಬೂಟಿದ್ದದ್ದು ಹಿಂದಿನ ಸೀಟಲ್ಲಿ. ಶಿಳ್ಳೆ ಬಾಗಿಲ ಹತ್ರ ಬಿದ್ದಿತ್ತು. ಚೀಲ ಕಿಟಕಿ ಪಕ್ಕ. ಈ ಮಂಡೀಲಿ ಯಾರು ಮೂರು ಸಲ ಹತ್ತಿ ಇಳೀತಾರೆ? ಎಲ್ಲಾನೂ ಚೀಲಕ್ಕೆ ತುರುಕಿ ತಂದೆ. ನಾನು ಯಾವಾಗಲೂ ಹಾಗೇ ಮಾಡೋದು."

ಯಾವಾಗಲೂ ಎಂದ ಮಾತು ಕಿಟಕಿಯಕ್ಕನಿಗೆ ನಾಟಿತು. ಕಪಾಟಿನಲ್ಲಿದ್ದ ಎಷ್ಟೋ ಚೀಲಗಳನ್ನು ಅವಳು ಒಂದು ಕ್ಷಣ ಅನುಮಾನದಿಂದ ನೋಡಿದಳು. ಆ ವಸ್ತು ಇಲ್ಲಿಗೆ ಹೇಗೆ ಬಂತು, ತಂದವರು ಯಾರು ಎಂಬುದು ಮೇಡಂ ಎಲ್ಲಕ್ಕಿಂತ ಮೊದಲು ಕೇಳುತ್ತಿದ್ದ ಪ್ರಶ್ನೆ. ದಿನಾ ಕಾಣುವ ಮನುಷ್ಯನನ್ನು ಅದನ್ನೇನು ಕೇಳುವುದು ಎಂದು ಅವಳು ಕೇಳಿಯೇ ಇರಲಿಲ್ಲ. ಚುಕ್ಕಿಯಂತೂ ಮೇಜಿನ ಮೇಲೆ ತಲೆಯಿಟ್ಟುಬಿಟ್ಟಳು. ಮೇಷ್ಟ್ರು ಸತ್ತುಹೋದರು ಅತ್ತೆ, ಎಂದು ಅವಳು ಅಂದದ್ದನ್ನು ಕೇಳಿ ರೈಟಣ್ಣ ಬೆಚ್ಚಿಬಿದ್ದ. ಯಾವಾಗ, ಎಂದ. ಅತ್ತೆ ಸೊಸೆ ಇಬ್ಬರಿಗೂ ಆಗ ಬಂದ ನಗು ತಡೆಯಲಾಗಲಿಲ್ಲ.

ನಗು ಮುಗಿಯುವ ಹೊತ್ತಿಗೆ ಶುಕ್ರವಾರ ಮುಗಿಯುತ್ತ ಬಂದಿತ್ತು. ಹುಡುಕಬೇಕಾದದ್ದು ಒಬ್ಬರನ್ನಲ್ಲ, ಮೂವರನ್ನು.

ಶನಿವಾರ ಸಂಜೆ ಅಂಗಡಿ ಮುಚ್ಚಿ ದರ್ಜಿ ತಾನೇ ನಿಲ್ದಾಣಕ್ಕೆ ಬಂದ, ಕುತ್ತಿಗೆಯಲ್ಲಿ ಅಳತೆಯ ಪಟ್ಟಿ ಹಾಗೇ ಇತ್ತು. ಚುಕ್ಕಿ ಅಪ್ಪನಿಗೆ ನಡೆದದ್ದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿದಳು. ಏಟು ತಿಂದ ಇಬ್ಬರ ಮಾತು ಬಂದಾಗ ಅವನು ನಕ್ಕು ನಕ್ಕು ಪಟ್ಟಿ ಜಾರಿ ನೆಲಕ್ಕೆ ಬಿತ್ತು. ಹಾಗಾದರೆ ಲೆಕ್ಕಪತ್ರ, ಎನ್ನುತ್ತ ಬಗ್ಗಿ ಅದನ್ನೆತ್ತಿಕೊಂಡವನು ಏಳುವಾಗ ಚೀಲದ ಒಳಮೈಯನ್ನು ಕಂಡ. ಚೀಲವನ್ನು ತಿರುವಿ ಹಾಕಿದ. ಬೆಳಕಿಗೆ ಹಿಡಿದ. ಬೆರಳಲ್ಲಿ ಉಜ್ಜಿದ.

"ಈ ಅಸ್ತರು ಅಂಗಡೀಲಿ ಸಿಗೋ ಬಟ್ಟೆ ಅಲ್ಲ. ಆಸ್ಪತ್ರೆ ಪರದೆ ಇದು. ಬಿಸಿನೀರಲ್ಲಿ ಕುದಿಸಿ ಕುದಿಸಿ ಹೀಗಾಗಿದೆ ನೋಡು, ಬಣ್ಣ ಹೋದ್ರೂ ನೂಲು ಗಟ್ಟಿ. ಹೊಲಿಗೆ ಬೇರೆ ಚೆನ್ನಾಗಿದೆ."

"ಇದು ಕಂಡದ್ದಾ ಊಹೇನಾ ಅಪ್ಪ?" ಎಂದಳು ಚುಕ್ಕಿ.

"ಕಂಡದ್ದೇ ಕಣೆ. ಬಟ್ಟೆ ವಿಷಯದಲ್ಲಿ ನಾನು ಊಹೆ ಮಾಡ್ತೀನಾ?"

ಆಮೇಲೆ ಅವನು ಸ್ಟೂಲು ಎಳೆದುಕೊಂಡು ಕುಳಿತದ್ದನ್ನು ಕಿಟಕಿಯಕ್ಕ ನೋಡಿಯೂ ನೋಡದವಳ ಹಾಗೆ ಇದ್ದಳು. ಹರಿದ ಪರದೆ ಯಾರ ಕೈಗೆ ಸಿಗುತ್ತದೆ, ಹೊಲಿಗೆ ಬಲ್ಲವರು ಆಸ್ಪತ್ರೆಯಲ್ಲಿ ಯಾರಿರುತ್ತಾರೆ ಎಂದು ಅಪ್ಪ ಮಗಳು ಪಿಸುಪಿಸು ನಡೆಸಿದರು. ಊಟಕ್ಕೆ ಬನ್ನಿ ಎಂದು ಮನೆಯಿಂದ ಎರಡು ಸಲ ಹೇಳಿಕಳಿಸಬೇಕಾಯಿತು.

ಭಾನುವಾರ ಬೆಳಿಗ್ಗೆಯೇ ಇಬ್ಬರೂ ಆಸ್ಪತ್ರೆಗೆ ಹೋದರು. ಹಿಂಬದಿಯಲ್ಲಿ ಹಾಸಿಗೆ ಬಟ್ಟೆ ಹೊಲಿಯುವ ಕೋಣೆ, ಹಬೆಯ ವಾಸನೆ, ಗೋಡೆಯೆತ್ತರ ಮಡಿಸಿಟ್ಟ ದುಪ್ಪಟಿಗಳು, ಮಧ್ಯೆ ಹೊಲಿಗೆ ಯಂತ್ರದ ಮುಂದೆ ಒಬ್ಬ ಹೆಂಗಸು. ಚೀಲದ ಬಣ್ಣವನ್ನು ಇವರು ಹೇಳಲಿಲ್ಲ. ನೀವೇನಾದರೂ ಕಳೆದುಕೊಂಡಿರಾ ಎಂದು ಮಾತ್ರ ಕೇಳಿದರು. ಅಷ್ಟಕ್ಕೇ ಅವಳು ಹಸಿರು ಚೀಲದ ಕಥೆ ಶುರುಮಾಡಿದಳು. ಟಿಕೆಟ್ ಕೊಡುವವರನ್ನು ಕೇಳಿದ್ದಳಂತೆ, ಅವರು ಇಲ್ಲಿಗೆ ಬಂದಿಲ್ಲ ಎಂದು ಸಾಗಹಾಕಿದ್ದರಂತೆ. ಹೆಣೆಯುತ್ತಿದ್ದದ್ದು ಮಗಳ ಚೊಚ್ಚಲು ಕೂಸಿಗೆ. ಕೂಸು ಆಗಲೇ ಹುಟ್ಟಿಬಿಟ್ಟಿತ್ತು. ಸದ್ಯ ಒಂದು ತೋಳಾದರೂ ಸಿಕ್ಕಿತು, ಇನ್ನೊಂದಕ್ಕೆ ಅವನೇನು ಇವತ್ತೇ ಎದ್ದು ಓಡುತ್ತಾನಾ, ಎಂದು ಅವಳು ನಕ್ಕಳಂತೆ.

ಬರುವ ದಾರಿಯಲ್ಲಿ ಚುಕ್ಕಿಗೆ ಬೂಟಿನ ವಿಷಯ ಹೊಳೆಯಿತು. ಒಂಟಿ ಬೂಟು ಹಿಡಿದುಕೊಂಡು ಬಸ್ಸು ಹತ್ತುವವರು ಯಾರು? ಅದರ ಅಟ್ಟೆ ಹೊಸದು. ಎರಡರಲ್ಲಿ ಒಂದು ಮಾತ್ರ ಹಾಳಾದರೆ ಒಂದನ್ನೇ ರಿಪೇರಿಗೆ ತರುತ್ತಾರೆ, ಚಪ್ಪಲಿಯಲ್ಲಿ ಬಂದು ಚಪ್ಪಲಿಯಲ್ಲಿ ಹೋಗುತ್ತಾರೆ. ಸೇತುವೆಯ ಪಕ್ಕ ಕೂರುವ ಚಮ್ಮಾರನನ್ನು, ಚೀಲದ ಜೊತೆ ತಂದಿದ್ದ ಬೂಟು ಹಿಡಿದು ಕೇಳಿದರೆ ಅವನು ತನ್ನ ಕೈಕೆಲಸವನ್ನು ದೂರದಿಂದಲೇ ಗುರುತಿಸಿದ. ಅದು ಅಂಗಡಿಗಳ ಬೋರ್ಡು ಬರೆಯುವವನದು. ಮಧ್ಯಾಹ್ನ ಆ ಬೋರ್ಡು ಬರೆಯುವವನು ಬಣ್ಣದ ಕೈಯಲ್ಲಿ ಬಲಗಾಲಿನ ಬೂಟು ಹಿಡಿದುಕೊಂಡೇ ಕಿಟಕಿಗೆ ಬಂದು, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು, ಮದುವೆ ಮಾಡಿಸಿದವನ ಹಾಗೆ ನಿಂತ. ದರ್ಜಿ ಆ ಹೊತ್ತಿಗೆ ಪೂರ್ತಿ ಬದಲಾಗಿದ್ದ. ಕಿಟಕಿಯ ಮುಂದೆ ಹೋಗುವವರನ್ನೆಲ್ಲ ನಿಲ್ಲಿಸಿ, ಪರದೆ ಬಟ್ಟೆ ಎಂದು ಮೊದಲು ಹೇಳಿದ್ದು ತಾನು ಎಂಬುದನ್ನು ತಿಳಿಸುತ್ತಿದ್ದ.

ಉಳಿದದ್ದು ಶಿಳ್ಳೆ. ಅದು ಕಲ್ಲಿನ ಹಾಗೆ ಏನನ್ನೂ ಹೇಳಲಿಲ್ಲ. ಬಾಯಿಡುವ ಕಡೆ ಹಲ್ಲಿನ ಗುರುತು. ಮೂಲ ಹಗ್ಗ ಹೋಗಿ ಬೂಟಿನ ಲೇಸು ಕಟ್ಟಿದ್ದರು. ಬೋರ್ಡು ಬರೆಯುವವನದಲ್ಲ, ಹೊಲಿಯುವವಳದಲ್ಲ. ಕಾವಲುಗಾರನದಿರಬಹುದು, ಆಟದ ತೀರ್ಪುಗಾರನದಿರಬಹುದು, ಕಿವಿ ಚುರುಕಿಲ್ಲದ ನಾಯಿ ಸಾಕಿದವರದಿರಬಹುದು. ಮೈದಾನದಲ್ಲಿ ಕೇಳಿದರು, ಕಾರ್ಖಾನೆಯ ಗೇಟಿನಲ್ಲಿ ಕೇಳಿದರು. ಎಲ್ಲರ ಕುತ್ತಿಗೆಯಲ್ಲೂ ಅವರವರ ಶಿಳ್ಳೆ ಇತ್ತು. ಸಂಜೆಯಾಯಿತು. ಕಿಟಕಿ ಮುಚ್ಚುವ ಹೊತ್ತು.

ನಾನು ಸಂಜೆಯ ಪ್ರಾರ್ಥನೆಗೆ ಹೊರಟವಳು ಏನಾಯಿತೆಂದು ತಿಳಿಯಲು ಬೆಂಚಿನ ಹತ್ತಿರ ನಿಂತೆ. ಮೇಜಿನ ಮೇಲೆ ಅರ್ಜಿ ಬಿಡಿಸಿಟ್ಟಿತ್ತು. ಇತಿಹಾಸದ ಎದುರಿಗಿನ ಚೌಕವೂ ಖಾಲಿ, ಲೆಕ್ಕಪತ್ರದ ಎದುರಿಗಿನದೂ ಖಾಲಿ. ದರ್ಜಿ ಪೆನ್ನಿನ ಮುಚ್ಚಳವನ್ನು ತೆಗೆಯುತ್ತಿದ್ದ, ಹಾಕುತ್ತಿದ್ದ. ಅವನ ಮನಸ್ಸು ಯಾವ ಚೌಕದಲ್ಲಿದೆ ಎಂಬುದು ಕುರುಡರಿಗೂ ಕಾಣುವಂತಿತ್ತು. ಆದರೆ ಎಲ್ಲದಕ್ಕೂ ಒಡೆಯರು ಸಿಗಬೇಕು ಎಂದು ಊರೆಲ್ಲ ಕೇಳುವಂತೆ ಹೇಳಿದವನು ಅವನೇ. ಮಾತಿಗೆ ತಪ್ಪುವವನು ಎನ್ನಿಸಿಕೊಳ್ಳುವುದು ಅವನಿಗೆ ಬೇಡ. ಚುಕ್ಕಿ ಉಗುರು ಕಚ್ಚುತ್ತ ಶಿಳ್ಳೆಯನ್ನೇ ನೋಡುತ್ತಿದ್ದಳು.

ರೈಟಣ್ಣ ಗೋಡೆಗೆ ಒರಗಿದ್ದ. ತನ್ನಿಂದ ಹುಡುಗಿಗೆ ಇಷ್ಟೆಲ್ಲ ತೊಂದರೆಯಾಯಿತು ಎಂಬುದು ಅವನನ್ನು ಎರಡು ದಿನದಿಂದ ಕೊರೆಯುತ್ತಿತ್ತು. ಮುಂದೆ ಬಂದು ಶಿಳ್ಳೆಯನ್ನು ಎತ್ತಿಕೊಂಡ.

"ಕೊಡಕ್ಕ, ಇದು ನಂದು. ಕಂಡಕ್ಟರ್ ಹತ್ರ ಶಿಳ್ಳೆ ಇರಲ್ವಾ? ಬಾಗಿಲ ಹತ್ರ ಬೀಳಿಸ್ಕೊಂಡೆ, ಮರೆತೆ. ಎಲ್ಲಿ ಸಹಿ ಹಾಕ್ಬೇಕು ಹೇಳು."

ಎಲ್ಲರಿಗೂ ಗೊತ್ತಿತ್ತು. ಅವನ ಶಿಳ್ಳೆ ಅವನ ಜೇಬಿನಿಂದ ಅರ್ಧ ಹೊರಗೆ ಇಣುಕುತ್ತಿತ್ತು.

ದರ್ಜಿ ಅದನ್ನು ಕಂಡೂ ಕಾಣದವನಂತೆ ಮೇಲೆ ಫ್ಯಾನನ್ನು ನೋಡುತ್ತ ಹೇಳಿದ. "ಅವನೇ ನಂದು ಅಂತಿದಾನಲ್ಲಕ್ಕ. ಕೊಟ್ಟುಬಿಡು. ಮೋಸ ಹೋಗೋನು ನಾನು, ನಂದೇನೂ ತಕರಾರಿಲ್ಲ."

ಚುಕ್ಕಿ ಅತ್ತೆಯ ಮುಖವನ್ನು ನೋಡಿದಳು. ಆ ಮಗುವಿನ ಮುಂದಿನ ದಾರಿ ಆ ಸಣ್ಣ ಲೋಹದ ತುಂಡಿಗೆ ಕಟ್ಟಿಹಾಕಿದಂತಿತ್ತು. ಒಂದು ಹೂಂ ಎಂದರೆ ಸಾಕು, ಎಲ್ಲರೂ ನಗುತ್ತ ಮನೆಗೆ ಹೋಗಬಹುದು. ಕಿಟಕಿಯಕ್ಕನಿಗೂ ಆಸೆಯಾಗಿರಬೇಕು, ಅವಳು ಉಸಿರೆಳೆದುಕೊಂಡದ್ದು ನನಗೆ ಕೇಳಿಸಿತು.

"ರೈಟಣ್ಣ, ಕೊನೇ ಸಲ ಇದನ್ನ ಊದಿದ ದಿನ ಏನಾಯ್ತು ಹೇಳು" ಎಂದಳು.

ರೈಟಣ್ಣ ಬಾಯಿ ತೆರೆದ. ಬಸ್ಸು ಹೊರಡುತ್ತಿತ್ತು, ಎಂದ. ಅಲ್ಲಿಂದ ಮುಂದೆ ಹೋಗಲಿಲ್ಲ. ಶಿಳ್ಳೆಯನ್ನು ತಿರುಗಿಸಿ ನೋಡಿದ. ಲೇಸನ್ನು ನೋಡಿದ. ನಕ್ಕುಬಿಟ್ಟ.

"ನಿನ್ನ ಮನಸ್ಸು ದೊಡ್ಡದು" ಎಂದಳು ಅವಳು. "ಆದ್ರೆ ನಾಳೆ ಇದರ ಯಜಮಾನ ಬಂದು ಕಿಟಕಿ ತಟ್ಟಿದ್ರೆ ನಾನೇನು ಹೇಳಲಿ? ಮಗು ಓದೋದಕ್ಕೆ ನಿಮ್ಮ ಶಿಳ್ಳೆ ಬೇಕಿತ್ತು ಅನ್ನಲಾ?" ಆಮೇಲೆ ತಮ್ಮನ ಕಡೆ ತಿರುಗಿ, "ಚೀಲ ಸಿಕ್ತು, ಬೂಟು ಸಿಕ್ತು, ಇದು ಗೊತ್ತಿಲ್ಲ. ಸಹಿ ಹಾಕೋದಾದ್ರೆ ಗೊತ್ತಿಲ್ಲ ಅನ್ನೋದನ್ನ ತಿಳಕೊಂಡೇ ಹಾಕು. ಅವಳು ಕಲಿಯೋಕೆ ಹೊರಟಿರೋದೂ ಅದನ್ನೇ."

ದರ್ಜಿ ಫ್ಯಾನಿನಿಂದ ಕಣ್ಣು ಕೆಳಗಿಳಿಸಿ, ಅಕ್ಕನನ್ನು ನೋಡಿದ, ಮಗಳನ್ನು ನೋಡಿದ. ಇಷ್ಟು ವರ್ಷ ಮಾತಿನಲ್ಲಿ ನಿನ್ನನ್ನು ಗೆದ್ದವರುಂಟೇ ಎಂದು ಗೊಣಗುತ್ತ ಅರ್ಜಿಯನ್ನು ಹತ್ತಿರಕ್ಕೆಳೆದುಕೊಂಡ. ಅಳತೆಗೆ ಗುರುತು ಹಾಕುವವನ ಹಾಗೆ ಇತಿಹಾಸದ ಎದುರಿನ ಚೌಕದಲ್ಲಿ ಒಂದು ಗೆರೆ ಎಳೆದು ಕೆಳಗೆ ತನ್ನ ಹೆಸರು ಬರೆದ.

ರೈಟಣ್ಣನ ಕೈ ಇನ್ನೂ ಚಾಚಿಕೊಂಡೇ ಇತ್ತು. ನನ್ನ ಸಹಿ ಬೇಡವೇ ಬೇಡವಾ ಅಕ್ಕ, ಎಂದು ಕೊನೆಯದಾಗಿ ಕೇಳಿದ. ಕಿಟಕಿಯಕ್ಕ ಆ ಅಂಗೈಯಿಂದ ಶಿಳ್ಳೆಯನ್ನು ಮೆಲ್ಲನೆ ತೆಗೆದುಕೊಂಡು, ಲೇಸನ್ನು ಬೆರಳಿಗೆ ಸುತ್ತಿ ಬಿಡಿಸಿ, ಒಂದೇ ಕಡೆ ಹಿಡಿ ಸವೆದ ಆ ಕೊಡೆಯ ಪಕ್ಕ ಕಪಾಟಿನಲ್ಲಿಟ್ಟಳು.

"ಬೇಡಣ್ಣ" ಎಂದಳು. "ಅದು ಅಲ್ಲೇ ಇರಲಿ."